ಹಳೆಯ ಮೋಟಾರಿನ ಮುಂದಿನ ಅಚ್ಚು

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರನ ಜಾತ್ರೆ ಕೂಡುವದು. ಅದರ ಜೊತೆಗೆ ದನಗಳ ಸಂತೆಯೂ ಕೂಡುವದು. ಎತ್ತು ಕೊಳ್ಳಲು ಬಂದ ಒಕ್ಕಲಿಗನು ಕೋಡಿಗೆ ಹಚ್ಚಿದ ಬಣ್ಣಕ್ಕೆ ಮರುಳಾಗುವದಿಲ್ಲ. ಗೊರಸನ್ನು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ಚಕ್ಕಡಿಯನ್ನು ಪರೀಕ್ಷಿಸುವವನೂ ಹಾಗೆಯೇ ಮೊಣಕಾಲೂರಿ ಅಚ್ಚಿನ ಕೆಳಗೆ ಕಣ್ಣು ಹಾಯಿಸುವನು. ಅಚ್ಚು ಸೊಟ್ಟಗಿದ್ದರೆ ಗಾಲಿ ಹಾದಿ ತಪ್ಪುವದೆಂದು ಅವನು ಬಲ್ಲನು. ಆದರೆ ಈ ಜಾಣತನವು ಹಳೆಯ ಮೋಟಾರುಗಾಡಿಯ ವಿಷಯದಲ್ಲಿ ಮಾತ್ರ ನಮಗೆ ಒದಗಿ ಬರುವದು ಕಡಿಮೆ. ಅಜ್ಜನ ಕಾಲದ ಗಾಡಿಯೊಂದು ಮನೆಯಲ್ಲಿ ಉಳಿದಿದ್ದರೆ ಅದಕ್ಕೆ ಹೊಸ ಬಣ್ಣ ಕೊಡಿಸುತ್ತೇವೆ, ಹಿತ್ತಾಳೆಯ ದೀಪಗಳನ್ನು ತಿಕ್ಕಿಸುತ್ತೇವೆ, ಕೂಡುವ ಗಾದಿಗೆ ಚರ್ಮ ಹೊದಿಸುತ್ತೇವೆ. ಮುಂದಿನ ಎರಡು ಗಾಲಿಗಳನ್ನು ಹಿಡಿದಿರುವ ಉಕ್ಕಿನ ತೊಲೆಯು ನೆಟ್ಟಗಿದೆಯೋ ಇಲ್ಲವೋ ಎಂದು ಕೇಳುವವರು ವಿರಳ. ಮದುವೆಯ ದಿಬ್ಬಣಕ್ಕೆಂದು ಅದೇ ಗಾಡಿಯಲ್ಲಿ ಹೆಂಡಿರು ಮಕ್ಕಳನ್ನು ಕೂಡ್ರಿಸಿಕೊಂಡು ಹೊರಟಾಗ ಎಲ್ಲರ ಪ್ರಾಣವೂ ಆ ತೊಲೆಯನ್ನೇ ನೆಚ್ಚಿಕೊಂಡಿರುವದು.

ಬಿಜಾಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರು 2014ನೆಯ ಇಸವಿಯ ನವೆಂಬರ 1ರಂದು ವಿಜಯಪುರವಾಯಿತು. ಈ ಜಿಲ್ಲೆಯು 1956ರ ವರೆಗೂ ಮುಂಬಯಿಯ ಆಡಳಿತಕ್ಕೆ ಸೇರಿದ್ದುದರಿಂದ ಮೋಟಾರುಗಳ ವ್ಯವಹಾರದಲ್ಲಿಯೂ ಇತ್ತಣ ಜನರ ಮುಖವು ಮುಂಬಯಿಯ ಕಡೆಗೇ ಇದ್ದಿತು. ಅಮೇರಿಕೆಯ ಜನರಲ್ ಮೋಟರ್ಸ್ ಕಂಪನಿಯವರು 1928ರಲ್ಲಿ ಮುಂಬಯಿಯಲ್ಲಿಯೇ ಗಾಡಿಗಳನ್ನು ಜೋಡಿಸಲಾರಂಭಿಸಿದರು. ಫೋರ್ಡ್ ಕಂಪನಿಯವರ ‘ಮಾಡೆಲ್ ಟಿ’ ಎಂಬ ಗಾಡಿಯು 1908ರಿಂದ 1927ರ ವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಗಿ ಲೋಕದ ಮೂಲೆ ಮೂಲೆಗಳನ್ನು ಮುಟ್ಟಿತು. ಅದರ ಬೆನ್ನಿಗೆ ಬಂದ ‘ಮಾಡೆಲ್ ಎ’ ಗಾಡಿಯು 1931ರ ವರೆಗೆ ನಡೆಯಿತು. ಇಂಥ ಗಾಡಿಗಳನ್ನು ಕಣ್ಣಾರೆ ನೋಡಬಯಸುವವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕಾಗಲಿ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಕ್ಕಾಗಲಿ ಹೋಗಿ ಬರಬಹುದು. ಹೋದವರು ಗಾಡಿಯ ಮೋರೆಯನ್ನಷ್ಟೇ ನೋಡಿ ಹಿಂದಿರುಗದೆ ಒಮ್ಮೆ ಬಗ್ಗಿ ಕೆಳಗೂ ನೋಡಬೇಕು.

ಆ ಕಾಲದ ಗಾಡಿಯ ಅಚ್ಚು ಬಾಗುವದಕ್ಕೆ ಕಾರಣಗಳಿಗೆ ಕೊರತೆಯಿರಲಿಲ್ಲ. ಟಿಕೋಟಾ, ಬಬಲೇಶ್ವರಗಳ ಕಡೆಯ ಎರೆಭೂಮಿಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದಾಗ ಗಾಲಿಯ ಗುಂಬದ ವರೆಗೆ ಕೆಸರು. ಬಿಸಿಲು ಬಿದ್ದ ಮೇಲೆ ಅದೇ ಕೆಸರು ಕಲ್ಲಾಗಿ ಗಾಲಿಯ ಜಾಡುಗಳು ಹೊಂಡಗಳಾಗುವವು. ಹೂತ ಗಾಡಿಯ ಅಚ್ಚಿನ ನಡುವಿಗೆ ಸರಪಳಿ ಬಿಗಿದು ಎತ್ತುಗಳಿಂದ ಎಳೆಯಿಸಿದರೆ ಗಾಡಿಯೇನೋ ಮೇಲಕ್ಕೆ ಬರುವದು, ಆದರೆ ಅಚ್ಚು ಮುಂದಕ್ಕೆ ಬಿಲ್ಲಿನಂತೆ ಬಾಗಬಹುದು. ಮೋರಿಯ ಕಲ್ಲಿಗೆ ಒಂದು ಗಾಲಿ ಬಡಿದರೆ ಆ ಬದಿ ಹಿಂದಕ್ಕೆ ತಿರುಚಿಕೊಳ್ಳುವದು. ಇವೆಲ್ಲ ಹಳೆಯ ಪೆಟ್ಟುಗಳು. ಇಂದಿನ ಪೆಟ್ಟು ಬೇರೆ ಬಗೆಯದು: ಪ್ರದರ್ಶನಕ್ಕೆಂದು ಗಾಡಿಯನ್ನು ಲಾರಿಯ ಮೇಲೆ ಹೇರಿ, ಅದು ಅಲುಗಾಡದಿರಲೆಂದು ಅಚ್ಚಿಗೇ ಸರಪಳಿ ಹಾಕಿ ಬಲವಾಗಿ ಬಿಗಿಯುವದು. ನೂರು ವರ್ಷ ರಸ್ತೆಯ ಮೇಲೆ ಬಾಗದ್ದು ಒಂದೇ ರಾತ್ರಿ ಲಾರಿಯ ಮೇಲೆ ಬಾಗಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಚಕ್ಕಡಿಯ ಅಚ್ಚಿಗೂ ಮೋಟಾರಿನ ಮುಂದಿನ ಅಚ್ಚಿಗೂ ಇರುವ ಭೇದವನ್ನು ಇಲ್ಲಿ ಹೇಳಬೇಕು. ಚಕ್ಕಡಿಗೆ ಎರಡೇ ಗಾಲಿ. ಎತ್ತು ತಿರುಗಿದತ್ತ ಅಚ್ಚೂ ತಿರುಗುವದು. ನಾಲ್ಕು ಗಾಲಿಯ ಸಾರೋಟಿನಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ನಡುವಿನ ಒಂದು ಗೂಟದ ಸುತ್ತ ತಿರುಗುತ್ತಿದ್ದಿತು. ತೀವ್ರವಾದ ತಿರುವಿನಲ್ಲಿ ಅಂಥ ಗಾಡಿ ಮಗುಚುವ ಭಯವಿದ್ದಿತು. ಮ್ಯೂನಿಕ್ ನಗರದ ಗಾಡಿಯ ಕುಶಲಕರ್ಮಿ ಲಾಂಕೆನ್ಸ್‌ಪರ್ಗರ್ ಎಂಬವನು ಅಚ್ಚನ್ನು ಅಲುಗಿಸದೆ ಅದರ ಎರಡು ತುದಿಗಳಲ್ಲಿ ಮಾತ್ರ ಗಾಲಿಗಳು ಹೊರಳುವ ಯುಕ್ತಿಯನ್ನು ಹೂಡಿದನು. 1818ರಲ್ಲಿ ಲಂಡನ್ನಿನ ಆಕರ್ಮನ್ ಎಂಬವನು ಅದಕ್ಕೆ ಪೇಟೆಂಟು ಪಡೆದುದರಿಂದ ಹೆಸರು ಮಾತ್ರ ಅವನ ಪಾಲಾಯಿತು. ಮೋಟಾರಿನಲ್ಲಿರುವದು ಇದೇ ಯುಕ್ತಿ. ಅಚ್ಚಿನ ಎರಡು ತುದಿಗಳಲ್ಲಿ ಕಣ್ಣುಗಳಿವೆ. ಒಂದೊಂದು ಕಣ್ಣಿನಲ್ಲಿ ನಿಲುವಾಗಿ ಒಂದು ದಪ್ಪ ಉಕ್ಕಿನ ಕಡ್ಡಿ. ಮಿಸ್ತ್ರಿಗಳು ಇದನ್ನು ಕಿಂಗ್ ಪಿನ್ ಎನ್ನುವರು. ಈ ಕಡ್ಡಿಯನ್ನು ಸುತ್ತಿಕೊಂಡು ಗಾಲಿಯ ಗಿಡ್ಡ ಅಚ್ಚು ಬಾಗಿಲಿನ ಬಿಜಾಗರಿಯಂತೆ ಹೊರಳುವದು. ನಡುವಿನ ತೊಲೆಯನ್ನು ಅಡ್ಡವಾಗಿ ಕೊಯ್ದು ನೋಡಿದರೆ ಅದು ಇಂಗ್ಲಿಷಿನ ‘ಐ’ ಅಕ್ಷರದಂತಿರುವದು: ಮೇಲೆ ಒಂದು ಪಟ್ಟಿ, ಕೆಳಗೆ ಒಂದು ಪಟ್ಟಿ, ನಡುವೆ ತೆಳುವಾದ ಗೋಡೆ. ಭಾರದಿಂದ ಬಾಗುವ ತೊಲೆಯಲ್ಲಿ ಒತ್ತಡವೂ ಎಳೆತವೂ ಮೇಲು ಕೆಳಗಿನ ಅಂಚುಗಳಲ್ಲಿಯೇ ಹೆಚ್ಚು. ಆದುದರಿಂದ ಉಕ್ಕನ್ನು ಅಲ್ಲಿಯೇ ಕೂಡಿಹಾಕಿದ್ದಾರೆ. ಇಂಥ ತೊಲೆ ಮೇಲಿನ ಭಾರಕ್ಕೆ ಬಹಳ ಗಟ್ಟಿ, ಆದರೆ ಹಿಂದೆ ಮುಂದಿನ ಎಳೆತಕ್ಕೂ ತಿರುಚುವಿಕೆಗೂ ಅಷ್ಟು ಗಟ್ಟಿಯಲ್ಲ.

ಮುಂದಿನ ಗಾಲಿಗಳು ನೋಟಕ್ಕೆ ನೆಟ್ಟಗೆ ಕಂಡರೂ ನಿಜವಾಗಿ ನೆಟ್ಟಗಿರುವದಿಲ್ಲ, ಇರಲೂ ಬಾರದು. ಮೊದಲನೆಯದಾಗಿ ಗಾಲಿಯ ತಲೆಯು ತುಸು ಹೊರಕ್ಕೆ ವಾಲಿರುವದು. ಮಾಡೆಲ್ ಟಿ ಗಾಡಿಯಲ್ಲಿ ಎರಡು ಗಾಲಿಗಳ ಮೇಲಿನ ಅಂತರವು ಕೆಳಗಿನ ಅಂತರಕ್ಕಿಂತ ಸುಮಾರು 3 ಇಂಚು ಹೆಚ್ಚಾಗಿರಬೇಕೆಂದು ಕಂಪನಿಯವರೇ ಹೇಳಿದ್ದಾರೆ. ಮಾಡೆಲ್ ಎ ಗಾಡಿಯಲ್ಲಿ ಈ ವಾಲುವಿಕೆ ಕಡಿಮೆ, 2 ಅಂಶ ಮಾತ್ರ. ಎರಡನೆಯದಾಗಿ ಕಿಂಗ್ ಪಿನ್ನಿನ ತಲೆಯು ಹಿಂದಕ್ಕೆ ಒರಗಿರುವದು: ಟಿ ಗಾಡಿಯಲ್ಲಿ ಐದೂವರೆ ಅಂಶ, ಎ ಗಾಡಿಯಲ್ಲಿ 5 ಅಂಶ. ಆಸ್ಪತ್ರೆಯಲ್ಲಿ ರೋಗಿಯನ್ನು ಸಾಗಿಸುವ ಕೈಗಾಡಿಯ ಸಣ್ಣ ಗಾಲಿಯನ್ನು ನೋಡಿರಿ. ತಳ್ಳಿದತ್ತ ಅದು ತಾನಾಗಿಯೇ ಗೂಟದ ಹಿಂದೆ ಬಂದು ನಿಲ್ಲುವದು. ಕಿಂಗ್ ಪಿನ್ನು ಒರಗಿರುವದರಿಂದ ಮೋಟಾರಿನ ಗಾಲಿಯೂ ಹಾಗೆಯೇ ಗೂಟದ ಗೆರೆಯ ಹಿಂದೆ ಬರುವದು. ತಿರುವು ಮುಗಿದ ಬಳಿಕ ಸ್ಟೇರಿಂಗಿನ ಚಕ್ರವು ಕೈಯಲ್ಲಿ ತಾನೇ ಮರಳಿ ನೆಟ್ಟಗಾಗುವದು ಈ ಕಾರಣದಿಂದಲೇ. ಮೂರನೆಯದು ಗಾಲಿಗಳ ಮೂತಿ ಒಳಕ್ಕೆ ತಿರುಗಿರುವದು. ಇದು ಕೂದಲೆಳೆಯ ಲೆಕ್ಕ. ಎ ಗಾಡಿಗೆ ಒಂದು ಇಂಚಿನ ಹದಿನಾರನೆಯ ಒಂದು ಪಾಲು ಸಾಕು; ಟಿ ಗಾಡಿಯಲ್ಲಿಯೂ ಅದು ಕಾಲು ಇಂಚನ್ನು ಮೀರಕೂಡದು.

ಅಚ್ಚು ಬಾಗಿದರೆ ಈ ಮೂರು ಲೆಕ್ಕಗಳೂ ಕೆಡುವವು. ಗಾಡಿಯು ಒಂದು ಬದಿಗೆ ಎಳೆಯುವದು. ಟೈರು ಒಂದೇ ಅಂಚಿನಲ್ಲಿ ತೇಯುವದು. ತಿರುವಿನ ಬಳಿಕ ಸ್ಟೇರಿಂಗು ಮರಳಿ ಬರದೆ ಮೊಂಡು ಹಿಡಿಯುವದು. ಇಲ್ಲವೆ ಒಂದು ವೇಗಕ್ಕೆ ಬಂದ ಕೂಡಲೆ ಮುಂದಿನ ಗಾಲಿಗಳೆರಡೂ ಚಳಿಜ್ವರ ಬಂದವರಂತೆ ನಡುಗುವವು. ಈ ನಡುಕವನ್ನು ಹಳೆಯ ಗಾಡಿಯ ಸಹಜ ಗುಣವೆಂದು ಸಹಿಸಿಕೊಳ್ಳುವವರನ್ನು ಕಂಡರೆ ನನಗೆ ವ್ಯಸನವಾಗುವದು. ಹೊಸದಾಗಿದ್ದಾಗ ಆ ಗಾಡಿ ನಡುಗುತ್ತಿರಲಿಲ್ಲ.

ಆದರೂ ಅಚ್ಚಿನ ಮೇಲೆ ಒಮ್ಮೆಲೆ ಅಪವಾದ ಹೊರಿಸಬಾರದು. ಟೈರುಗಳಲ್ಲಿ ಗಾಳಿಯು ಸಮವಾಗಿದೆಯೇ ನೋಡಿರಿ. ಗಾಲಿಯನ್ನು ಜ್ಯಾಕಿನಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿರಿ. ಲೊಟಲೊಟ ಎಂದರೆ ಬೇರಿಂಗೋ ಕಿಂಗ್ ಪಿನ್ನಿನ ಬುಷ್ಷೋ ಸವೆದಿದೆ. ಅವನ್ನು ಸರಿಪಡಿಸದೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಅಡ್ಡಲಾಗಿರುವ ಕಮಾನು ಪಟ್ಟಿಗಳಲ್ಲಿ ಒಂದು ಮುರಿದಿದ್ದರೂ ಗಾಡಿ ಒಂದು ಬದಿಗೆ ಕುಸಿದು ಅಚ್ಚು ಬಾಗಿದಂತೆ ಕಾಣುವದು. ಫೋರ್ಡ್ ಗಾಡಿಯಲ್ಲಿ ಅಚ್ಚಿನ ಎರಡು ಬದಿಗಳಿಂದ ಹಿಂದಕ್ಕೆ ಹೋಗಿ ಒಂದೆಡೆ ಕೂಡುವ ಕವೆಯಾಕಾರದ ಸಲಾಕೆಯೊಂದಿದೆ. ಕಿಂಗ್ ಪಿನ್ನಿನ ಒರಗುವಿಕೆಯನ್ನು ಕಾಯುವದೇ ಅದರ ಕೆಲಸ. ಅನೇಕ ಸಲ ಅಚ್ಚು ನೆಟ್ಟಗಿದ್ದು ಈ ಕವೆಯೇ ಸೊಟ್ಟಗಾಗಿರುವದುಂಟು.

ಅಳತೆಗೆ ಮುಖ್ಯವಾಗಿ ಬೇಕಾದುದು ಮಟ್ಟಸವಾದ ನೆಲ. ಎರೆಮಣ್ಣು ನೀರು ಕುಡಿದರೆ ಉಬ್ಬುವದು, ಒಣಗಿದರೆ ಬಿರಿಯುವದು. ಅದರ ಮೇಲೆ ಹಾಸಿದ ಫರಸಿಯು ಒಂದು ಮಳೆಗಾಲ ಕಳೆಯುವದರೊಳಗೆ ಅಲ್ಲಿಷ್ಟು ಎದ್ದು ಇಲ್ಲಿಷ್ಟು ತಗ್ಗಿರುವದನ್ನು ನಮ್ಮ ಕಡೆಯ ಮನೆಗಳಲ್ಲಿ ಎಲ್ಲರೂ ಕಂಡಿದ್ದಾರೆ. ಆದುದರಿಂದ ಗೌಂಡಿಗಳು ಬಳಸುವ ನೀರಿನ ಕೊಳವೆಯನ್ನು ತರಿಸಿ, ನಾಲ್ಕು ಗಾಲಿಗಳು ನಿಲ್ಲುವ ಸ್ಥಳಗಳಲ್ಲಿ ಮಟ್ಟ ನೋಡಿ, ತಗ್ಗಿರುವಲ್ಲಿ ಹಲಗೆಯ ಚೂರುಗಳನ್ನಿಟ್ಟು ಸರಿಮಾಡಿಕೊಳ್ಳಬೇಕು. ಬೇರೆ ಸಲಕರಣೆ ಹೆಚ್ಚೇನೂ ಬೇಡ: ಒಂದು ತೂಗುಗುಂಡು, ಒಂದು ಗಟ್ಟಿ ದಾರ, ಒಂದು ಇಂಚುಪಟ್ಟಿ, ಸೀಮೆಸುಣ್ಣ. ಗೋಳಗುಮ್ಮಟವನ್ನು ಎಬ್ಬಿಸಿದ ಊರಿನಲ್ಲಿ ತೂಗುಗುಂಡಿನ ಮಹಿಮೆಯನ್ನು ಬಣ್ಣಿಸಬೇಕಾಗಿಲ್ಲ.

ಗಾಲಿಯ ತಲೆಯ ಅಂಚಿನಿಂದ ಗುಂಡನ್ನು ಇಳಿಬಿಟ್ಟು, ಕೆಳಗಿನ ಅಂಚು ದಾರದಿಂದ ಎಷ್ಟು ದೂರವಿದೆಯೆಂದು ಅಳೆಯಿರಿ. ಮಾಡೆಲ್ ಎ ಗಾಡಿಯ 21 ಇಂಚಿನ ಗಾಲಿಯಲ್ಲಿ ಅದು ಸುಮಾರು ಮುಕ್ಕಾಲು ಇಂಚು ಬರಬೇಕು. ಬಳಿಕ ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ ಪುನಃ ಅಳೆಯಿರಿ. ಎರಡು ಅಳತೆಗಳು ಬೇರೆಯಾದರೆ ಗಾಲಿಯೇ ವಕ್ರವಾಗಿದೆ, ಅವೆರಡರ ಸರಾಸರಿಯನ್ನು ಹಿಡಿಯಬೇಕು. ಒರಗುವಿಕೆಯನ್ನು ನೋಡಲು ಕಿಂಗ್ ಪಿನ್ನಿನ ಗೆರೆಗೆ ಸರಿಯಾಗಿ ಒಂದು ನೆಟ್ಟನೆಯ ಪಟ್ಟಿಯನ್ನು ಹಿಡಿದು ಬದಿಯಲ್ಲಿ ಗುಂಡನ್ನು ಬಿಟ್ಟರೆ ಸಾಕು: 10 ಇಂಚು ಎತ್ತರಕ್ಕೆ ಟಿ ಗಾಡಿಯಲ್ಲಿ ಹತ್ತಿರ ಹತ್ತಿರ 1 ಇಂಚು, ಎ ಗಾಡಿಯಲ್ಲಿ ಒಂದು ಇಂಚಿನ ಎಂಟರಲ್ಲಿ ಏಳು ಪಾಲು ಹಿಂದಕ್ಕೆ ಸರಿದಿರಬೇಕು. ಎಡಬಲಗಳೆರಡೂ ಒಂದೇ ಆಗಿರುವದು ಮುಖ್ಯ. ಎಡಗಡೆ 5 ಅಂಶ, ಬಲಗಡೆ 2 ಅಂಶ ಬಂದರೆ ಅಚ್ಚು ತಿರುಚಿಕೊಂಡಿದೆಯೆಂದೇ ಬಗೆಯಬೇಕು. ಗಾಲಿಗಳ ಮೂತಿಯನ್ನು ಅಳೆಯುವಾಗ ಟೈರಿನ ಮುಂಭಾಗದಲ್ಲಿ ಗುಂಬದಷ್ಟು ಎತ್ತರದಲ್ಲಿ ಗುರುತು ಮಾಡಿ, ಎರಡು ಗುರುತುಗಳ ಅಂತರವನ್ನು ಅಳೆದು, ಅವೇ ಗುರುತುಗಳು ಹಿಂದಕ್ಕೆ ಬರುವಂತೆ ಗಾಡಿಯನ್ನು ಮೆಲ್ಲನೆ ಮುಂದಕ್ಕೆ ತಳ್ಳಿ ಮತ್ತೊಮ್ಮೆ ಅಳೆಯಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಗಾಲಿಯ ವಾಲುವಿಕೆ ಕೆಟ್ಟಿದೆ ಎಂದು ಕಂಡಿತು. ಕೆಟ್ಟದ್ದು ತೊಲೆಯೋ, ಗಾಲಿ ಕೂಡುವ ಗಿಡ್ಡ ಅಚ್ಚೋ? ಎದುರಿನಿಂದ ನೋಡಿ ಕಿಂಗ್ ಪಿನ್ನಿನ ವಾಲುವಿಕೆಯನ್ನೂ ಅಳೆಯಬೇಕು. ಪಿನ್ನು ಮತ್ತು ಗಾಲಿ ಎರಡೂ ಒಂದೇ ಪ್ರಮಾಣದಲ್ಲಿ ಒಂದೇ ಕಡೆಗೆ ಸರಿದಿದ್ದರೆ ಬಾಗಿದ್ದು ತೊಲೆ. ಪಿನ್ನು ತನ್ನ ಜಾಗದಲ್ಲಿದ್ದು ಗಾಲಿ ಮಾತ್ರ ಸರಿದಿದ್ದರೆ ಬಾಗಿದ್ದು ಗಿಡ್ಡ ಅಚ್ಚು. ಈ ಭೇದವನ್ನು ಅರಿಯದೆ, ಗಿಡ್ಡ ಅಚ್ಚಿನ ತಪ್ಪಿಗೆ ಒಳ್ಳೆಯ ತೊಲೆಯನ್ನು ಬಗ್ಗಿಸಿ ‘ಸರಿಪಡಿಸಿ’ದರೆ ಒಂದು ದೋಷದ ಸ್ಥಳದಲ್ಲಿ ಎರಡಾಗುವವು.

ತೊಲೆಯೇ ಬಾಗಿದೆಯೆಂದು ನಿಶ್ಚಯವಾದರೆ ಅದನ್ನು ಗಾಡಿಯಿಂದ ಬಿಚ್ಚಿ, ಚಿಮಣಿ ಎಣ್ಣೆಯಿಂದ ತೊಳೆದು, ಮೇಜಿನ ಮೇಲಿಡಬೇಕು. ಎರಡು ತುದಿಗಳ ಕಣ್ಣುಗಳ ನಟ್ಟನಡುವೆ ಹಾಯುವಂತೆ ದಾರವನ್ನು ಬಿಗಿದು ಕಟ್ಟಿರಿ. ಮೇಲಿನಿಂದ ನೋಡಿದರೆ ದಾರವು ತೊಲೆಯ ಮಧ್ಯದಲ್ಲಿಯೇ ಸಾಗಬೇಕು. ಕಮಾನು ಕೂಡುವ ತೂತುಗಳೂ ದಾರದ ಕೆಳಗೆ ಸರಿಯಾಗಿ ಬರಬೇಕು. ದಾರದಿಂದ ತೊಲೆಯ ವರೆಗಿನ ಆಳವನ್ನು ಎಡಕ್ಕೂ ಬಲಕ್ಕೂ ಸಮದೂರದ ಸ್ಥಳಗಳಲ್ಲಿ ಅಳೆದರೆ ಮೇಲು ಕೆಳಗಿನ ಬಾಗು ಹೊರಬೀಳುವದು. ತಿರುಚನ್ನು ಕಾಣಲು ಎರಡು ಕಣ್ಣುಗಳಲ್ಲಿಯೂ ಬಿಗಿಯಾಗಿ ಕೂಡುವ ಒಂದೊಂದು ಉದ್ದ ಸಲಾಕೆಯನ್ನು ನಿಲ್ಲಿಸಿ, ಒಂದು ತುದಿಗೆ ನಿಂತು ಒಂದು ಕಣ್ಣು ಮುಚ್ಚಿ ನೋಡಬೇಕು. ಹಿಂದಿನ ಸಲಾಕೆ ಮುಂದಿನದರ ಹಿಂದೆ ಪೂರ್ತಿಯಾಗಿ ಅಡಗಿದರೆ ತಿರುಚಿಲ್ಲ; ತಲೆ ಒಂದು ಕಡೆಗೆ ಇಣುಕಿದರೆ ತಿರುಚಿದೆ. ಬಡಿಗನು ಹಲಗೆಯ ಸೊಟ್ಟನ್ನು ಎರಡು ಪಟ್ಟಿಗಳನ್ನಿಟ್ಟು ನೋಡುವದೂ ಹೀಗೆಯೇ. ಎಲ್ಲ ಅಂಕಿಗಳನ್ನೂ ಒಂದು ಕಾಗದದ ಮೇಲೆ ಚಿತ್ರ ಬರೆದು ಗುರುತಿಸಿಡಬೇಕು.

ನೆಟ್ಟಗೆ ಮಾಡುವ ಮೊದಲು ಬಿರುಕಿನ ಪರೀಕ್ಷೆ. ಇದನ್ನು ಬಿಟ್ಟರೆ ಉಳಿದುದೆಲ್ಲ ವ್ಯರ್ಥ. 1842ನೆಯ ಮೇ 8ರಂದು ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಡಬ್ಬಿಗಳಿಗೆ ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನರು ಸತ್ತರು. ಅಚ್ಚುಗಳು ಹೀಗೆ ಏಕೆ ಮುರಿಯುವವೆಂದು ಮುಂದಿನ ದಶಕಗಳಲ್ಲಿ ಜರ್ಮನಿಯ ವ್ಯೋಲರ್ ಎಂಬ ರೈಲ್ವೆ ಇಂಜಿನಿಯರನು ಬಹುಕಾಲ ಪ್ರಯೋಗ ಮಾಡಿದನು. ಒಂದೇ ಸಲಕ್ಕೆ ಮುರಿಯದ ಹಗುರಾದ ಭಾರವೂ ಲಕ್ಷಾಂತರ ಸಲ ಮರಳಿ ಮರಳಿ ಬಿದ್ದರೆ ಉಕ್ಕು ದಣಿಯುವದು, ಸಣ್ಣದೊಂದು ಗಾಯದಿಂದ ಬಿರುಕು ಹುಟ್ಟಿ ಕೂದಲಿನಂತೆ ಒಳಕ್ಕೆ ನುಸುಳುವದು ಎಂದು ತಿಳಿದುಬಂತು. ನಮ್ಮ ಗಾಡಿಯ ಅಚ್ಚಿನ ಮೇಲೆಯೂ ತೊಂಬತ್ತು ನೂರು ವರ್ಷಗಳ ಹೊಡೆತಗಳಿವೆ. ಹಳೆಯ ರೈಲ್ವೆ ಕಾರಖಾನೆಗಳ ಉಪಾಯವು ಮನೆಯಲ್ಲಿಯೂ ಸಾಧ್ಯ: ತೊಲೆಯನ್ನು ಚಿಮಣಿ ಎಣ್ಣೆಯಲ್ಲಿ ಚೆನ್ನಾಗಿ ತೋಯಿಸಿಟ್ಟು, ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿ, ನಯವಾದ ಸೀಮೆಸುಣ್ಣದ ಪುಡಿಯನ್ನು ತೆಳುವಾಗಿ ಬಳಿಯಬೇಕು. ಬಿರುಕಿದ್ದರೆ ಅದರೊಳಗೆ ಸೇರಿದ ಎಣ್ಣೆ ಹೊರಗೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುವದು. ಕಾಂತಶಕ್ತಿಯಿಂದ ಬಿರುಕನ್ನು ತೋರಿಸುವ ಯಂತ್ರವು ಇಂದು ದೊಡ್ಡ ಕಾರಖಾನೆಗಳಲ್ಲಿರುವದು. ಅದು ದೊರೆತರೆ ಇನ್ನೂ ಉತ್ತಮ. ಗೆರೆಯು ಕಂಡಿತೋ, ಆ ಅಚ್ಚಿನ ಆಯುಷ್ಯ ಮುಗಿಯಿತು. ಬೆಸುಗೆ ಹಾಕಿ ಅರದಿಂದ ನುಣುಪು ಮಾಡಿ ಕೊಡುವೆವೆಂದು ಹೇಳುವವರ ಮಾತಿಗೆ ಕಿವಿಗೊಡಬೇಡಿರಿ. ಬೆಸುಗೆಯ ಕಾವಿನ ಅಂಚಿನಲ್ಲಿಯೇ ಅದು ಮತ್ತೆ ಒಡೆಯಬಹುದು. ಅಜ್ಜನು ಕೊಂಡ ಗಾಡಿಯ ಮೂಲ ಅಚ್ಚೆಂಬ ಮಮತೆ ಇದ್ದರೆ ಅದನ್ನು ಗೋಡೆಗೆ ತೂಗುಹಾಕಿ, ಗಾಡಿಗೆ ಅದೇ ಜಾತಿಯ ಬೇರೊಂದನ್ನು ಹುಡುಕಿ ಹಾಕುವದು ಲೇಸು. ಲಕ್ಷಗಟ್ಟಲೆ ತಯಾರಾದ ಗಾಡಿಗಳಾದುದರಿಂದ ಟಿ, ಎ ಗಾಡಿಗಳ ಅಚ್ಚುಗಳು ಇಂದಿಗೂ ಸಿಕ್ಕುವವು.

ಬಿರುಕಿಲ್ಲ, ಬಾಗೂ ಮಿದುವಾಗಿ ಬಿಲ್ಲಿನಂತಿದೆ, ಒಂದೇ ಕಡೆಗೆ ಮುರಿದ ಮೂಲೆಯಂತಿಲ್ಲ, ಕಣ್ಣಿನ ಹತ್ತಿರವೂ ಇಲ್ಲ. ಇಷ್ಟು ಭಾಗ್ಯವಿದ್ದರೆ ಅಚ್ಚನ್ನು ನೆಟ್ಟಗೆ ಮಾಡಬಹುದು. ಹೇಗೆ? ಕುಲುಮೆಯಲ್ಲಿಟ್ಟು ಕೆಂಪಗೆ ಕಾಸಿ ಸುತ್ತಿಗೆಯಿಂದ ನಾಲ್ಕು ಬಡಿತ ಬಡಿಯುವದೆಂಬ ಉತ್ತರ ಮೊದಲು ಬರುವದು. ಚಕ್ಕಡಿಯ ಅಚ್ಚಿಗೆ ಅದು ಒಪ್ಪುವದು. ಕಂಬಾರನ ಕೈಯನ್ನು ನಾನು ಹಳಿಯುವದಿಲ್ಲ. ಆದರೆ ಕುಡಗೋಲಿಗೆ ಹದ ಕೊಡುವವನೇ ಹೇಳಲಿ: ಹದಗೊಂಡ ಕುಡಗೋಲನ್ನು ಮತ್ತೆ ಒಲೆಯಲ್ಲಿ ಕೆಂಪಗೆ ಕಾಸಿ ತೆಗೆದರೆ ಅದರ ಹದ ಉಳಿಯುವದೇ? ಫೋರ್ಡ್ ಕಂಪನಿಯವರು ವೆನೇಡಿಯಂ ಎಂಬ ಧಾತುವನ್ನು ಬೆರಸಿದ ಉಕ್ಕಿನಿಂದ ಟಿ ಗಾಡಿಯ ಅಚ್ಚನ್ನು ಮಾಡಿ, ಲೆಕ್ಕವಿಟ್ಟು ಕಾಸಿ ತಣಿಸಿ ಹದ ಕೊಡುತ್ತಿದ್ದರು. ಅದನ್ನು ಕಾಸದೆಯೇ ಹಗ್ಗದಂತೆ ಹಲವು ಸುತ್ತು ತಿರುವಿದರೂ ಬಿರಿಯಲಿಲ್ಲವೆಂದು ತೋರಿಸುವ ಚಿತ್ರಗಳನ್ನು ಅವರು ಅಚ್ಚುಹಾಕಿಸುತ್ತಿದ್ದರು. ಕುಲುಮೆಯ ಕಾವು ಆ ಹದವನ್ನು ಕಳೆಯುವದು. ಹೊರಗೆ ನೋಡಲು ಅಚ್ಚು ನೆಟ್ಟಗಾಗಿ ಒಳಗೆ ಮೆತ್ತಗಾಗುವದು. ಆದುದರಿಂದ ತಣ್ಣಗಿದ್ದಾಗಲೇ ಒತ್ತಬೇಕು, ಬಡಿಯಬಾರದು.

ಲಾರಿಗಳ ಅಚ್ಚನ್ನು ಒತ್ತುವ ಪ್ರೆಸ್ಸು ಇದ್ದಲ್ಲಿಗೆ ಒಯ್ಯುವದು ಎಲ್ಲಕ್ಕೂ ಸುಲಭ. ಇಲ್ಲವಾದರೆ ತೊಲೆಗಿಂತ ಬಹಳ ಗಟ್ಟಿಯಾದ ಒಂದು ಉಕ್ಕಿನ ಕಂಬ, ಎರಡು ದಪ್ಪ ಸರಪಳಿ, ನಡುವೆ 20 ಟನ್ನಿನ ಎಣ್ಣೆಯ ಜ್ಯಾಕು. ಈ ಏರ್ಪಾಡಿನಲ್ಲಿ ಬಾಗಿನ ಎರಡು ಬದಿಗಳನ್ನು ಸರಪಳಿ ಹಿಡಿಯುವದು, ಉಬ್ಬಿದ ಕಡೆಯನ್ನು ಜ್ಯಾಕು ಒತ್ತುವದು. ಸರಪಳಿ ಹರಿದರೆ ಗುಂಡಿನಂತೆ ಹಾರುವದು. ಅದರ ಗೆರೆಯಲ್ಲಿ ಯಾರೂ, ಅದರಲ್ಲಿಯೂ ಮಕ್ಕಳು, ನಿಲ್ಲಕೂಡದು. ತೊಲೆಯ ಅಂಚಿಗೆ ಜ್ಯಾಕಿನ ಮೂತಿ ನೇರವಾಗಿ ತಾಗದಂತೆ ನಡುವೆ ಸರಿಯಾಗಿ ಕೂಡುವ ಮೆದು ಕಬ್ಬಿಣದ ತುಂಡನ್ನಿಡಬೇಕು. ಇಂದು ಬಿದ್ದ ಗಾಯವೇ ನಾಳಿನ ಬಿರುಕು. ಉಕ್ಕಿಗೆ ಒಂದು ಸ್ವಭಾವವುಂಟು: ಒಂದು ಮಿತಿಯವರೆಗೆ ಒತ್ತಿ ಬಿಟ್ಟರೆ ಪುನಃ ಮೊದಲಿನ ಸ್ಥಿತಿಗೇ ಮರಳುವದು. ಆ ಮಿತಿಯನ್ನು ದಾಟಿದಷ್ಟು ಮಾತ್ರ ನಿಲ್ಲುವದು. ಆದುದರಿಂದ ನೆಟ್ಟಗಾಗುವ ಹಂತವನ್ನು ತುಸು ದಾಟಿಸಿ ಒತ್ತಿ, ಬಿಟ್ಟು, ಅಳೆಯಬೇಕು. ಮತ್ತೆ ತುಸು ಹೆಚ್ಚಿಗೆ ಒತ್ತಿ, ಬಿಟ್ಟು, ಅಳೆಯಬೇಕು. ಅವಸರದವನು ಒಂದೇ ಸಲಕ್ಕೆ ಒತ್ತಿ ಆಚೆಯ ಕಡೆಗೆ ಬಾಗಿಸಿಬಿಡುವನು. ಮತ್ತೆ ಈಚೆಗೆ ತರುವಾಗ ಉಕ್ಕು ಅದೇ ಜಾಗದಲ್ಲಿ ಎರಡು ಸಲ ದಣಿಯುವದು. ತಿರುಚನ್ನು ಬಿಡಿಸಲು ಎರಡು ಕಡೆಗಳಲ್ಲಿ ಉದ್ದ ಸಲಾಕೆಗಳನ್ನು ಬಿಗಿದು ಒದ್ದೆ ಬಟ್ಟೆ ಹಿಂಡುವಂತೆ ಹಿಂಡಬೇಕು. ಒಂದು ದೋಷವನ್ನು ತಿದ್ದಿದ ಬಳಿಕ ಉಳಿದ ಅಳತೆಗಳನ್ನೂ ಹೊಸದಾಗಿ ತೆಗೆದುಕೊಳ್ಳಬೇಕು, ಏಕೆಂದರೆ ಒಂದನ್ನು ಒತ್ತುವಾಗ ಇನ್ನೊಂದು ಅಲುಗುವದು. ಕೊನೆಗೆ ಸೀಮೆಸುಣ್ಣದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಹಿಂದೆ ಯಾರೋ ಒಮ್ಮೆ ಒತ್ತಿದ್ದ ಗುರುತು ಅದೇ ಸ್ಥಳದಲ್ಲಿ ಕಂಡರೆ ಅಂಥ ಅಚ್ಚಿನ ಸಹವಾಸವನ್ನು ಬಿಡುವದೇ ಒಳಿತು.

ಕಾಯದೆಯ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಿಬಿಡುವೆನು. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳಂತೆ 50 ವರ್ಷ ಮೀರಿದ, ಮೂಲರೂಪದಲ್ಲಿ ಕಾಯ್ದಿಟ್ಟ ಗಾಡಿಗಳಿಗೆ ಬೇರೆ ನೋಂದಣಿಯುಂಟು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಚಾಸಿಸನ್ನು ಗಣನೀಯವಾಗಿ ಬದಲಿಸಿದ ಗಾಡಿಗೆ ಈ ಮಾನ್ಯತೆ ದೊರೆಯದು. ಇಂಥ ಗಾಡಿಯನ್ನು ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸಕೂಡದು. ಹೊಸ ಕಾಲದ ಗಾಡಿಯ ಮುಂಭಾಗವನ್ನು ತಂದು ಕೂಡ್ರಿಸಿ ತೊಂದರೆ ಕಳೆದುಕೊಳ್ಳೋಣವೆನ್ನುವವರು ಇದನ್ನು ನೆನಪಿನಲ್ಲಿಡಬೇಕು.

ಅಚ್ಚನ್ನು ಮರಳಿ ಜೋಡಿಸುವಾಗ ಹಳೆಯ ಬುಷ್ಷುಗಳನ್ನೂ ಹಳೆಯ ಸೀಳುಪಿನ್ನುಗಳನ್ನೂ ಹಾಕಬಾರದು. ನಾಲ್ಕು ಕಾಸಿನ ಪಿನ್ನು ಉದುರಿದರೆ ಗಾಲಿಯೇ ಉದುರುವದು. ಕವೆಯ ಸಲಾಕೆಯು ತನ್ನ ಸ್ಥಳಕ್ಕೆ ಬಲಾತ್ಕಾರವಿಲ್ಲದೆ ಬಂದು ಕೂಡಬೇಕು. ಸನ್ನೆಹಾಕಿ ಎಳೆದು ಕೂಡ್ರಿಸಬೇಕಾಗಿ ಬಂದರೆ ಅದರಲ್ಲಿಯೂ ಸೊಟ್ಟುಂಟು. ಗಾಲಿಗಳ ಮೂತಿಯ ಅಳತೆಯನ್ನು ಎಲ್ಲಕ್ಕೂ ಕಡೆಯಲ್ಲಿ ಟೈ ರಾಡಿನಿಂದ ಸರಿಪಡಿಸಬೇಕು. ಮೊದಲ ಸಲ ಒಬ್ಬರೇ, ಜನವಿಲ್ಲದ ಸಮರಸ್ತೆಯಲ್ಲಿ, ತಾಸಿಗೆ ಹತ್ತು ಹನ್ನೆರಡು ಮೈಲಿನ ವೇಗದಲ್ಲಿ ಓಡಿಸಿ ನೋಡಿರಿ. ಸ್ಟೇರಿಂಗಿನ ಮೇಲಿನ ಹಿಡಿತವನ್ನು ಸಡಿಲಿಸಿದಾಗ ಗಾಡಿ ತನ್ನ ಗೆರೆಯನ್ನು ಬಿಡದೆ ಹೋಗಬೇಕು. ಮನೆಗೆ ಬಂದು ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ. ನೂರು ಮೈಲು ಓಡಿದ ಮೇಲೆ ಅದೇ ನೀರುಮಟ್ಟದ ನೆಲದ ಮೇಲೆ, ಅದೇ ದಾರ ಅದೇ ಗುಂಡಿನಿಂದ ಪುನಃ ಅಳೆದು, ಮೊದಲು ಬರೆದಿಟ್ಟ ಕಾಗದದ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ತಾರೀಖು ಸಹಿತ ಬರೆಯಿರಿ. ಆ ಕಾಗದವು ಗಾಡಿಯ ಪತ್ರಗಳ ಜೊತೆಯಲ್ಲಿಯೇ ಇರಲಿ.